ಸರಪಳಿ ಗಂಗರಾಜುವಿನ ಗಣಿತ ಪರೀಕ್ಷೆ

ಪರಶುರಾಂಪುರದ ಸುತ್ತ ಹೊಲ ಇರುವ ಯಾರನ್ನಾದರೂ ಗಂಗರಾಜು ಗೊತ್ತಾ ಅಂತ ಕೇಳಿದರೆ ತಲೆ ಕೆರೆದುಕೊಳ್ಳುತ್ತಾರೆ. ಸರಪಳಿ ಗಂಗರಾಜು ಅಂದರೆ ಸಾಕು, ಮನೆಯ ಬಾಗಿಲಿಗೇ ಕರೆದುಕೊಂಡು ಹೋಗಿ ಬಿಡುತ್ತಾರೆ. ಸರ್ವೇಯರ್ ಶಾಂತವೀರಪ್ಪನವರ ಹಿಂದೆ ಮೂವತ್ತಮೂರು ಅಡಿಯ ಕಬ್ಬಿಣದ ಸರಪಳಿ ಹೆಗಲಿಗೆ ಹಾಕಿಕೊಂಡು ಇಪ್ಪತ್ತು ವರ್ಷ ತಿರುಗಿದವನು ಅವನು. ಇತ್ತ ಚಳ್ಳಕೆರೆಯಿಂದ ಅತ್ತ ಮೊಳಕಾಲ್ಮುರು ತಾಲ್ಲೂಕಿನ ರಾಂಪುರದವರೆಗೆ ಅವನು ಕಾಲಿಡದ ಬದು ಇಲ್ಲ. ಅಣ್ಣತಮ್ಮಂದಿರು ಪಾಲಿಗೆ ನಿಂತು ಮುಖ ಮುಖ ನೋಡದೆ ಕಾಯುವಾಗ, ಶಾಂತವೀರಪ್ಪನವರು ಜೇಬಿನಿಂದ ಕ್ಯಾಲ್ಕುಲೇಟರ್ ತೆಗೆಯುವಷ್ಟರಲ್ಲಿ ಗಂಗರಾಜು ಎಕರೆ ಗುಂಟೆ ಬಾಯಲ್ಲೇ ಹೇಳಿ ಬೀಡಿ ಹಚ್ಚಿರುತ್ತಿದ್ದ. ಆಮೇಲೆ ಯಂತ್ರ ಹೇಳಿದ್ದೂ ಅದನ್ನೇ. ಒಮ್ಮೆಯೂ ತಪ್ಪಿದ್ದಿಲ್ಲ.

ಈಗ ಸರಪಳಿಯನ್ನು ಕೇಳುವವರಿಲ್ಲ. ರೋವರ್ ಅಂತ ಒಂದು ಯಂತ್ರ ಬಂದಿದೆ. ಉದ್ದನೆಯ ಕೋಲಿನ ತುದಿಗೆ ಕೂತಿರುತ್ತದೆ, ಹೊಲದ ಮೂಲೆಯಲ್ಲಿ ನಿಮಿಷ ನಿಲ್ಲಿಸಿದರೆ ಆಕಾಶವನ್ನು ಕೇಳಿ ಅಳತೆ ಹೇಳುತ್ತದೆ. ಆ ಕೋಲನ್ನು ಹಿಡಿದು ನಿಲ್ಲುವುದಕ್ಕೆ ಒಬ್ಬ ಸಹಾಯಕ ಬೇಕು. ತಿಂಗಳ ಸಂಬಳ, ಆದರೆ ಹತ್ತನೇ ತರಗತಿ ಪಾಸಾಗಿರಲೇಬೇಕು. ಕೋಲು ಹಿಡಿಯುವುದಕ್ಕೆ ಹತ್ತನೇ ತರಗತಿ ಯಾಕಪ್ಪಾ ಅಂದರೆ, ನಿಯಮ ಬರೆದವರೇ ಹೇಳಬೇಕು. ಗಂಗರಾಜು ಇಪ್ಪತ್ತೆರಡು ವರ್ಷದ ಹಿಂದೆ ಗಣಿತ ಒಂದರಲ್ಲೇ ಡುಮ್ಕಿ ಹೊಡೆದು, ಮತ್ತೆ ಆ ಕಡೆ ತಲೆ ಹಾಕಿರಲಿಲ್ಲ.

"ನಿನ್ನ ಹೆಸರು ಬರೆದಿಟ್ಟೀನಿ ಕಣೋ. ಜೂನ್ ಮುಗಿಯೋದ್ರೊಳಗೆ ಮಾರ್ಕ್ಸ್ ಕಾರ್ಡ್ ತಂದ್ಕೊಡು. ತರ್ಲಿಲ್ಲ ಅಂದ್ರೆ ನನ್ ಕೈಯಾಗೆ ಏನೂ ಇಲ್ಲ" ಅಂದಿದ್ದರು ಶಾಂತವೀರಪ್ಪ. ಮಾರ್ಚಿನ ಪರೀಕ್ಷೆಯಲ್ಲಿ ಇಪ್ಪತ್ತೊಂಬತ್ತು ಬಂತು. ಪಾಸಿಗೆ ಬೇಕಾದದ್ದು ಮೂವತ್ತೈದು. ಉಳಿದದ್ದು, ಫೇಲಾದವರಿಗೂ ಅಂಕ ಹೆಚ್ಚಿಸಿಕೊಳ್ಳುವವರಿಗೂ ಮೇ ತಿಂಗಳಲ್ಲಿ ನಡೆಯುವ ಎರಡನೇ ಪರೀಕ್ಷೆ ಒಂದೇ. ಅದೂ ಹೋದರೆ ಮೂವತ್ತೆಂಟನೇ ವಯಸ್ಸಿನಲ್ಲಿ ಎಣ್ಣೆ ಮಿಲ್ಲಿನ ಮುಂದೆ ನಿಂತು ಶೇಂಗಾ ಚೀಲ ಹೊರಬೇಕು. ಸೊಂಟ ಕೇಳುವ ಸ್ಥಿತಿಯಲ್ಲಿರಲಿಲ್ಲ.

ಅಂಥ ಮೇ ತಿಂಗಳ ಒಂದು ಮಧ್ಯಾಹ್ನ, ಚಳ್ಳಕೆರೆಯ ಪರೀಕ್ಷಾ ಕೇಂದ್ರದ ಗೇಟಿನಿಂದ ಗಂಗರಾಜು ಮದುವಣಿಗನ ಹಾಗೆ ಹೊರಗೆ ಬಂದ. ಹಾಗೇ ಬಂದ, ಸುಳ್ಳು ಹೇಳುವುದು ಯಾಕೆ. ರಸ್ತೆಯ ಆಚೆ ಬೇವಿನ ಮರದ ಕೆಳಗೆ ಹುಡುಗ ಹುಡುಗಿಯರು ಆಗಲೇ ಪ್ರಶ್ನೆಪತ್ರಿಕೆ ಹರಡಿಕೊಂಡು ಗದ್ದಲ ಎಬ್ಬಿಸಿದ್ದರು. ಒಬ್ಬನಿಗೆ ಹನ್ನೆರಡು ಬಂದಿದ್ದರೆ ಇನ್ನೊಬ್ಬನಿಗೆ ಮೈನಸ್ ಹನ್ನೆರಡು, ಮೂರನೆಯವನು ಆ ಪ್ರಶ್ನೆ ಎಲ್ಲಿತ್ತು ಅಂತ ಹುಡುಕುತ್ತಿದ್ದ. ಫೇಲಾದವರೇ ಸೇರಿ ಉತ್ತರ ತಾಳೆ ನೋಡಿದರೆ ಇನ್ನೇನಾಗುತ್ತದೆ?

ಅವರ ನಡುವೆ ದಾರಿ ಗೊತ್ತಿದ್ದವಳು ಸ್ವಪ್ನ ಒಬ್ಬಳೇ. ಮಾರ್ಚಿನಲ್ಲೇ ಎಪ್ಪತ್ತೊಂದು ತೆಗೆದಿದ್ದಳು, ಸಾಲದು ಅಂತ ಮತ್ತೆ ಬರೆಯುತ್ತಿದ್ದಳು. ಎಲ್ಲರೂ ತಮ್ಮ ತಮ್ಮ ಪತ್ರಿಕೆ ಅವಳ ಮುಂದೆ ಹಿಡಿಯುತ್ತಿದ್ದರು. ಅವಳು ಪೆನ್ಸಿಲಿನಲ್ಲಿ ಟಿಕ್ಕು ಹಾಕಿ, ಕೂಡಿಸಿ, ಹಣೆಬರಹ ಹೇಳಿ ಕಳಿಸುತ್ತಿದ್ದಳು. ಪರಶುರಾಂಪುರದ ಹುಡುಗ ಮಾರುತಿಗೆ ಹದಿನೆಂಟು ಅಂದಳು. ಅವನು ಸ್ವಲ್ಪವೂ ಬೇಜಾರು ಮಾಡಿಕೊಳ್ಳದೆ, "ಹೋದ್ ಸಲ ಹನ್ನೊಂದು, ಈ ಸಲ ಹದಿನೆಂಟು. ಹಿಂಗೇ ಹೋದ್ರೆ ನಮ್ ಮಗ ಪಾಸಾಗೋ ಹೊತ್ತಿಗೆ ನಾನೂ ಪಾಸು" ಅಂದ. ಆಮೇಲೆ ಗಂಗರಾಜುವನ್ನು ಕಂಡು, "ಬಾ ಮಾವ, ನಿಂದೂ ಹೇಳಿಸ್ಕ" ಅಂತ ಜಾಗ ಬಿಟ್ಟ.

ಗಂಗರಾಜು ಕುಕ್ಕರಗಾಲಲ್ಲಿ ಕೂತ. ಒಂದೊಂದು ಪ್ರಶ್ನೆಗೂ ತಾನು ಏನು ಬರೆದೆ ಅಂತ ಹೇಳುತ್ತ ಹೋದ. ಒಂದು ಅಂಕದವು ಅರ್ಧ ಸರಿ. ಥೇಲ್ಸನ ಪ್ರಮೇಯವನ್ನು ಎರಡು ತಿಂಗಳು ಮಂತ್ರದ ಹಾಗೆ ಬಾಯಿಪಾಠ ಮಾಡಿದ್ದ, ಅದು ಪೂರ್ತಿ. ಗ್ರಾಫ್ ಪೂರ್ತಿ, ಗೆರೆ ಎಳೆಯುವುದನ್ನು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ತ್ರಿಕೋನಮಿತಿ ಸೊನ್ನೆ. ಸ್ವಪ್ನ ಎರಡು ಸಲ ಕೂಡಿಸಿ, "ಮೂವತ್ತಮೂರು ಅಂಕಲ್" ಅಂದಳು. ಅವಳ ಮುಖ ಸಣ್ಣಗಾಯಿತು.

ಗಂಗರಾಜು ನಕ್ಕ. "ಹೊಲದ್ ಲೆಕ್ಕ ಕಡೀಗೆ ಅಂತ ಇಟ್ಟೀನವ್ವ, ಇನ್ನೂ ಹೇಳಿಲ್ಲ. ನಾಕು ಮಾರ್ಕಿಂದು. ಅದನ್ನ ಸೇರ್ಸು. ಮೂವತ್ತೇಳು!"

ಇಪ್ಪತ್ತೆರಡು ವರ್ಷ ಕಾದಿದ್ದ ಪ್ರಶ್ನೆ ಅದು. ಓದಿದಾಗ ಅವನಿಗೆ ಪರೀಕ್ಷಾ ಕೊಠಡಿಯಲ್ಲೇ ನಗು ಬಂದಿತ್ತು. 'ಒಬ್ಬ ರೈತನ ಎರಡು ಹೊಲಗಳ ಒಟ್ಟು ವಿಸ್ತೀರ್ಣ 4.20 ಎಕರೆ. ಒಂದು ಹೊಲ ಇನ್ನೊಂದಕ್ಕಿಂತ 1.20 ಎಕರೆ ದೊಡ್ಡದು. ಪ್ರತಿ ಹೊಲದ ವಿಸ್ತೀರ್ಣ ಎಷ್ಟು?' ಇದನ್ನು ಅವನು ಬರೆದು ಬಿಡಿಸಬೇಕಾಗಿಯೇ ಇರಲಿಲ್ಲ. ಆದರೂ ಅಂಕ ಹೋಗಬಾರದು ಅಂತ x, y ಹಾಕಿ, ಎರಡು ಸಮೀಕರಣ ನಿಲ್ಲಿಸಿ, ಉತ್ತರದ ಕೆಳಗೆ ಸ್ಕೇಲಿಟ್ಟು ಎರಡು ಗೆರೆ ಎಳೆದಿದ್ದ.

"ಎಷ್ಟು ಬಂತು ಅಂಕಲ್?"

"ಎಷ್ಟು ಬರುತ್ತೆ? ದೊಡ್ಡದು ಮೂರು ಎಕರೆ. ಸಣ್ಣದು 1.20, ಒಂದೂವರೆ ಎಕರೆ."

ಸ್ವಪ್ನ ತನ್ನ ಪತ್ರಿಕೆಯ ಅಂಚಿನಲ್ಲಿ ಬರೆದುಕೊಂಡಿದ್ದನ್ನು ನೋಡಿದಳು. "ನಂಗೆ 2.70 ಮತ್ತೆ 1.50 ಬಂದೈತೆ."

ಗಂಗರಾಜು ಈ ಸಲ ಹೊಟ್ಟೆ ಹಿಡಿದುಕೊಂಡು ನಕ್ಕ. "ಎರಡು ಎಕರೆ ಎಪ್ಪತ್ತು ಗುಂಟೆ! ಯಾವ ಪಹಣಿಯಾಗೆ ನೋಡಿದ್ಯವ್ವ ಎಪ್ಪತ್ತು ಗುಂಟೆ? ಚುಕ್ಕಿ ಆದ್ಮೇಲೆ ಬರೋದು ಗುಂಟೆ, ನಲವತ್ತಕ್ಕೇ ಎಕರೆ ಮುಗೀತು. ತಾಳೆ ನೋಡ್ಕ ಬೇಕಾದ್ರೆ. ಮೂರು ಎಕರೆಗೆ ಒಂದು ಎಕರೆ ಇಪ್ಪತ್ತು ಗುಂಟೆ ಸೇರ್ಸು, 4.20 ಬಂತಾ? ಮೂರ್ರಾಗೆ ಅದನ್ನೇ ಕಳಿ, 1.20 ಉಳೀತಾ? ಮತ್ತಿನ್ನೇನು?"

ಹುಡುಗರೂ ನಕ್ಕರು. ಹೊಲದ ಮಕ್ಕಳೇ ಎಲ್ಲ, ಅವರಿಗೂ ಅದು ಸರಿ ಅನ್ನಿಸಿತು. ಮಾರುತಿಯಂತೂ, "ಎಪ್ಪತ್ತೊಂದು ತಗಂಡೋಳಿಗೆ ಸರ್ಯಾಗಿ ಹೇಳ್ದೆ ಮಾವ" ಅಂತ ಕೇಕೆ ಹಾಕಿದ.

ಸ್ವಪ್ನ ನಗಲಿಲ್ಲ. ಮೆಲ್ಲಗೆ, ದೊಡ್ಡವರಿಗೆ ಬೇಜಾರಾಗಬಾರದು ಅನ್ನುವ ಧ್ವನಿಯಲ್ಲಿ ಹೇಳಿದಳು: "ಅಂಕಲ್, ಇದ್ರಾಗೆ ಗುಂಟೆ ಅಂತ ಎಲ್ಲೂ ಇಲ್ಲ. ಇದು ದಶಮಾಂಶ. ಪಾಯಿಂಟ್ ಆದ್ಮೇಲೆ ನೂರು ಆದ್ರೇನೇ ಒಂದು. ಇಪ್ಪತ್ತು ಅಂದ್ರೆ ನೂರರಾಗೆ ಇಪ್ಪತ್ತು, ನಲವತ್ತರಾಗೆ ಅಲ್ಲ."

ಗಂಗರಾಜು ಪತ್ರಿಕೆಯನ್ನು ಕಿತ್ತುಕೊಂಡು ಓದಿದ. ಮತ್ತೆ ಓದಿದ. ರೈತ ಇದ್ದ, ಹೊಲ ಇತ್ತು, ಎಕರೆ ಇತ್ತು. ಗುಂಟೆ ಇರಲಿಲ್ಲ. ದಶಮಾಂಶ ಅವನಿಗೆ ಗೊತ್ತಿರಲಿಲ್ಲ ಅಂತಲ್ಲ. ಬೇರೆ ಲೆಕ್ಕದಲ್ಲಾಗಿದ್ದರೆ ಸರಿಯಾಗಿಯೇ ಮಾಡುತ್ತಿದ್ದ. ಎಕರೆ ಅನ್ನುವ ಒಂದು ಪದ ಕಂಡಿದ್ದೇ ತಡ, ಇಪ್ಪತ್ತು ವರ್ಷದ ರೂಢಿ ಪೆನ್ನು ಹಿಡಿದುಬಿಟ್ಟಿತ್ತು. ಗೊತ್ತಿಲ್ಲದೆ ತಪ್ಪಿದವನಿಗೆ ಮುಂದಿನ ಸಲ ಕಲಿಯುತ್ತೇನೆ ಅನ್ನುವ ಸಮಾಧಾನವಾದರೂ ಇರುತ್ತದೆ. ಗಂಗರಾಜುವಿಗೆ ಅದೂ ಇರಲಿಲ್ಲ.

"ಸ್ಟೆಪ್ಪಿಗೆ ಏನಾರ ಕೊಡ್ತಾರೇನವ್ವ?" ಅಂದ.

"ಸಮೀಕರಣ ಸರಿ ಬರ್ದಿದ್ರೆ ಒಂದು ಕೊಡ್ತಾರೆ."

ಮೂವತ್ತನಾಲ್ಕು. ಪಾಸಿಗೆ ಒಂದು ಕಮ್ಮಿ. ಮಾರುತಿ ತನ್ನ ಪತ್ರಿಕೆ ಮಡಚಿ ಜೇಬಿಗಿಟ್ಟುಕೊಂಡ.

ಅಷ್ಟರಲ್ಲಿ ಗೇಟಿನಿಂದ ಜಯದೇವಪ್ಪ ಮೇಷ್ಟ್ರು ಬೈಕಿನಲ್ಲಿ ಹೊರಗೆ ಬಂದರು. ಗಂಗರಾಜುವಿನ ಕೊಠಡಿಗೆ ಮೇಲ್ವಿಚಾರಕರಾಗಿದ್ದವರು ಅವರೇ. ಅವರ ಹೊಲದ ಬದುವಿನ ಜಗಳವನ್ನು ಹೋದ ವರ್ಷ ಅಳತೆ ಮಾಡಿ ಬಗೆಹರಿಸಿದ್ದು ಇವನ ಸರಪಳಿಯೇ. ಗಂಗರಾಜು ಓಡಿಹೋಗಿ ಬೈಕಿಗೆ ಅಡ್ಡ ನಿಂತು, ಪತ್ರಿಕೆ ತೋರಿಸಿ, ಉಸಿರು ತೆಗೆದುಕೊಳ್ಳದೆ ಎಲ್ಲ ಹೇಳಿದ.

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಓದಿದರು. ಅವರ ಬೆರಳೂ ಗಾಳಿಯಲ್ಲಿ ಗುಂಟೆಯನ್ನೇ ಎಣಿಸಿತು. "ನಮ್ ಹೊಲಕ್ಕಾದ್ರೆ ನಿಂದೇ ಸರಿ ಗಂಗರಾಜು" ಅಂದರು. "ನಾನಾಗಿದ್ರೂ ಹಂಗೇ ಬರೀತಿದ್ನೇನೋ."

"ಹಂಗಾರೆ ಅದನ್ನೇ ಒಂದು ಚೀಟೀಲಿ ಬರ್ದು ಇಡ್ರಿ ಸಾರ್. ಇವನು ಗುಂಟೆ ಲೆಕ್ಕದಾಗೆ ಮಾಡ್ಯಾನೆ, ಸರಿ ಐತೆ ಅಂತ. ನಿಮ್ ಮಾತು ಕೇಳ್ತಾರೆ."

"ಬಂಡಲ್ ಕಟ್ಟಿ ಸೀಲ್ ಮಾಡಾತು ಕಣಪ್ಪ. ಬೇರೆ ಜಿಲ್ಲೆಗೆ ಹೋಗ್ತಾವೆ. ತಿದ್ದೋನಿಗೆ ನಿನ್ ಹೆಸರೂ ಕಾಣಲ್ಲ, ಊರೂ ಕಾಣಲ್ಲ. ಬೋರ್ಡಿನೋರು ಕೊಟ್ಟ ಉತ್ತರ ನೋಡ್ತಾನೆ, ನಿಂದಕ್ಕೆ ಅಡ್ಡಗೆರೆ ಎಳೀತಾನೆ. ಅವನ್ದೂ ತಪ್ಪಿಲ್ಲ." ಮೇಷ್ಟ್ರು ಅವನ ಭುಜ ತಟ್ಟಿ ಗಾಡಿ ಮುಂದೆ ಬಿಟ್ಟರು.

ಯಾರನ್ನು ಬೈಯುವುದು? ಪ್ರಶ್ನೆ ಬರೆದವನು ಮೋಸ ಮಾಡಿರಲಿಲ್ಲ. ಹುಡುಗಿ ನಿಜ ಹೇಳಿದ್ದಳು. ಮೇಷ್ಟ್ರು ಒಳ್ಳೆಯವರು. ಒಬ್ಬ ಕೆಟ್ಟವನಾದರೂ ಸಿಕ್ಕಿದ್ದರೆ ಗಂಗರಾಜು ಅವನಿಗೆ ನಾಲ್ಕು ಮಾತು ಬೈದು ಎದೆ ಹಗುರ ಮಾಡಿಕೊಳ್ಳುತ್ತಿದ್ದ. ಅವನು ರಸ್ತೆಯ ಬದಿಯ ಕಲ್ಲಿನ ಮೇಲೆ ಕೂತ. ಹೆಂಡತಿ ರಾಧಮ್ಮನಿಗೆ ಏನು ಹೇಳಬೇಕು ಅಂತ ಯೋಚಿಸಲು ನೋಡಿದ, ತಲೆಯಲ್ಲಿ 2.70, 3.00, 1.50, 1.20 ಒಂದರ ಮೇಲೊಂದು ಬಿದ್ದು ಹೊರಳಾಡುತ್ತಿದ್ದವು. ಸ್ವಪ್ನ ಬಂದು ನೀರಿನ ಬಾಟಲಿ ಕೊಟ್ಟಳು. ಕುಡಿದ.

ಫೋನು ಹೊಡೆದುಕೊಂಡಿತು. ರಾಂಪುರದ ಕಡೆಯ ಯರ್ರಪ್ಪ. ಹಿಂದಿನ ವರ್ಷ ಗಂಗರಾಜು ಅವನ ಹೊಲ ಅಳೆದುಕೊಟ್ಟಿದ್ದ.

"ಗಂಗರಾಜಣ್ಣಾ, ಬೀಜದ ಶೇಂಗಾ ಕೊಡೋ ಕಡೆ ನಿಂತೀನಿ. ಎಷ್ಟು ಹೊಲ ಅಂತ ಬರ್ಸ್‌ಬೇಕಂತೆ. ನಮ್ದು 2.30, ನಮ್ ತಮ್ಮಂದು 1.30. ಎರಡೂ ಸೇರಿ ಎಷ್ಟಾತಣ್ಣಾ? ಲಗೂನ ಹೇಳು, ಹಿಂದೆ ಜನ ನಿಂತಾರೆ."

ನಾಲ್ಕು ಎಕರೆ ಇಪ್ಪತ್ತು ಗುಂಟೆ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದ್ದರೂ ಹೇಳುತ್ತಿದ್ದ ಲೆಕ್ಕ. ಗಂಗರಾಜು ಬಾಯಿ ತೆರೆದ. ಉತ್ತರ ನಾಲಿಗೆಯ ಮೇಲೆಯೇ ಇತ್ತು, ಅದರ ಪಕ್ಕದಲ್ಲೇ 3.60 ಅಂತ ಇನ್ನೊಂದು ಎದ್ದು ನಿಂತಿತ್ತು. ಯಾವುದನ್ನು ಹೇಳಲೂ ಧೈರ್ಯ ಬರಲಿಲ್ಲ. ಆ ಕಡೆಯಿಂದ ಯರ್ರಪ್ಪ, "ಅಣ್ಣಾ, ಕೇಳಿಸ್ತಾ?" ಅಂತ ಕೂಗುತ್ತಿದ್ದ.

"ಕೇಳಿಸ್ತಪ್ಪ" ಅಂದ ಗಂಗರಾಜು. "ಸ್ವಲ್ಪ ತಾಳು. ಇಲ್ಲಿ ಯಾರನ್ನಾರ ಕೇಳಿ ಹೇಳ್ತೀನಿ."