ಗುಡ್ಡದ ಮೇಲೆ ಇನ್ನೂ ಬಿಸಿಲಿತ್ತು

ಮಳೆಗಾಲದಲ್ಲಿ ಮೋಡ ನೋಡಲು, ಚಳಿಗಾಲದಲ್ಲಿ ಮೈ ಕಾಯಿಸಲು, ಬೇಸಿಗೆಯಲ್ಲಿ ಕವಳಿ ಹಣ್ಣು ತಿನ್ನಲು. ತವಂದಿ ಗುಡ್ಡಕ್ಕೆ ಹೋಗಲು ನಮ್ಮ ಅತ್ತೆಗೆ ಇಂಥದೇ ಕಾಲ ಅಂತ ಇರಲಿಲ್ಲ. ಗುಡ್ಡದ ಬುಡದಲ್ಲಿ ಬಸದಿ ಇದ್ದದ್ದರಿಂದ ದರ್ಶನದ ನೆಪವೂ ಸಿಗುತ್ತಿತ್ತು. ಬೋರಗಾಂವದ ಮನೆಯಲ್ಲಿ ದಿನವೆಲ್ಲ ಮಗ್ಗದ ಖಟಖಟ ಕೇಳುವವರಿಗೆ ಆ ಕಾಡು ಹೊಕ್ಕರೆ ಸ್ವರ್ಗ. ಅಥಣಿ ಕಡೆಯ ಬಯಲಲ್ಲಿ ಬೆಳೆದ ನನಗೆ ಮಾತ್ರ ಏರು ಕಂಡರೇ ಸಿಟ್ಟು. ಎಂಬತ್ತರ ದಶಕದ ಕೊನೆಯಲ್ಲಿ, ಮದುವೆಯಾದ ಹೊಸತರಲ್ಲಿ, ಗೊಣಗುತ್ತಲೇ ಹತ್ತುತ್ತಿದ್ದೆ.

ಸಿಟ್ಟು ಏರಿನ ಮೇಲಷ್ಟೇ ಅಲ್ಲ. ನಮ್ಮದು ಹೊತ್ತು ಮುಳುಗಿದ ಮೇಲೆ ಅನ್ನ ಮುಟ್ಟದ ಜೈನರ ಮನೆ. ಸಂಜೆ ಗಂಡಸರಿಗೆ ಬಡಿಸಿ, ಹಿರಿಯರಿಗೆ ಬಡಿಸಿ, ನಾನು ತಾಟು ಹಾಕಿಕೊಳ್ಳುವಷ್ಟರಲ್ಲಿ ಸೂರ್ಯ ಎಷ್ಟೋ ಸಲ ಕೈಕೊಟ್ಟಿರುತ್ತಿದ್ದ. ಬರಿಹೊಟ್ಟೆಯಲ್ಲಿ ಮಲಗಿದರೂ ಬಾಯಿ ಬಿಡುತ್ತಿರಲಿಲ್ಲ. ಹೊಸ ಸೊಸೆಗೆ ಹೊಟ್ಟೆಯದೇ ಚಿಂತೆ ಅಂದಾರು ಎಂಬ ಭಯ.

ಒಂದು ಚಳಿಗಾಲ ಅತ್ತೆ ಚತುರ್ದಶಿಯ ಉಪವಾಸ ಮಾಡಿ, ಮರುದಿನ ಗುಡ್ಡದ ಬಸದಿಯಲ್ಲಿ ದರ್ಶನ ಮಾಡಿಯೇ ಊಟ ಎಂದು ಹಟ ಹಿಡಿದರು. ಉಳಿದವರು ನಾಷ್ಟಾ ಮಾಡಿದ ಮೇಲೆ ಬುತ್ತಿ ಕಟ್ಟಿಕೊಂಡು ಎಲ್ಲರೂ ಟ್ರ್ಯಾಕ್ಟರ್ ಹತ್ತಿದೆವು. ನಿಪ್ಪಾಣಿಯ ಹತ್ತಿರ ಕಬ್ಬಿನ ಟ್ರೇಲರೊಂದು ಮಗುಚಿ ರಸ್ತೆ ಬಂದ್ ಆಗಿತ್ತು. ಅದನ್ನು ಎತ್ತಿ ದಾರಿ ಬಿಡಿಸುವಷ್ಟರಲ್ಲಿ ಮಧ್ಯಾಹ್ನವೇ ಕಳೆದುಹೋಯಿತು. ದರ್ಶನ ಮುಗಿಸಿ ಹೊರಬಂದರೆ ಬಸದಿಯ ಅಂಗಳದಲ್ಲಿ ಬಿಸಿಲೇ ಇಲ್ಲ.

"ಆತು, ಹೊತ್ತು ಮುಳಗೈತಿ. ಇನ್ನ ನಾಳೆ ಮುಂಜಾನೇನ ಊಟ" ಎಂದರು ಮಾವ.

"ಇರಲಿ ಬಿಡ್ರಿ" ಎಂದು ಅತ್ತೆ ಬುತ್ತಿಯ ಗಂಟನ್ನು ಬಿಗಿ ಮಾಡಿದರು. ಅವರ ಮುಖ ಬಾಡಿತ್ತು. ಆ ಹಸಿವು ನನಗೆ ಗೊತ್ತಿತ್ತು. ಸುಮ್ಮನೆ ತಲೆ ಎತ್ತಿ ನೋಡಿದೆ.

"ಮುಳಗಿಲ್ರಿ ಮಾವಾರ! ಗುಡ್ಡದ ಹಿಂದ ಮರೆಯಾಗೈತಿ ಅಷ್ಟ. ಮ್ಯಾಲ ನೋಡ್ರಿ, ಗಿಡದ ತುದಿಗೆ ಇನ್ನೂ ಬಿಸಲ ಐತಿ!"

ಅತ್ತೆಯ ಕೈ ಹಿಡಿದು ಹತ್ತಲು ಶುರು ಮಾಡಿಯೇಬಿಟ್ಟೆ. ಬುತ್ತಿ ಹೊತ್ತು ನನ್ನ ಗಂಡ, ಹಿಂದೆ "ಸಾವಕಾಶ, ಸಾವಕಾಶ" ಎನ್ನುತ್ತ ಮಾವ. ಒಣಗಿದ ಎಲೆಯ ಮೇಲೆ ಕಾಲು ಜಾರುತ್ತಿತ್ತು, ಕವಳಿ ಮುಳ್ಳು ಸೆರಗು ಎಳೆಯುತ್ತಿತ್ತು. ಅತ್ತೆ ನಿರಿಗೆ ಎತ್ತಿ ಕಟ್ಟಿ, ಏದುಸಿರಿನಲ್ಲೂ ನಗುತ್ತಿದ್ದರು.

"ಏರು ಅಂದ್ರ ಮಾರಿ ಗಂಟ ಹಾಕಾಕಿ, ಇವತ್ತ ಆಡಿನ ಮರಿ ಹಂಗ ಜಿಗ್ಯಾಕತ್ತಾಳ ನೋಡೋ!" ಎಂದು ಮಗನಿಗೆ ತೋರಿಸಿದರು.

ತುದಿ ಮುಟ್ಟಿದಾಗ ಸೂರ್ಯ ಪಡುವಣದ ಗುಡ್ಡಗಳ ಮೇಲೆ ಇನ್ನೂ ನಿಂತಿದ್ದ. ಬಂಡೆಯ ಮೇಲೆ ಅತ್ತೆಯನ್ನು ಕೂರಿಸಿ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ ಬಡಿಸಿದೆ. ಅವರು ಮುಟ್ಟಲಿಲ್ಲ.

"ನೀನೂ ಕೂಡು."

"ಮೊದಲ ನೀವು ಉಣ್ರಿ ಅತ್ತಿ, ಹೊತ್ತು ಹೊಂಟೈತಿ!"

"ಹೋಗಲಿ. ನಾ ಒಬ್ಬಾಕಿ ಉಣ್ಣಾಕ ಇಷ್ಟ ಓಡಿ ಬಂದೇನೇನು? ದಿನಾ ನಮಗ ಬಡಿಸಿ ನೀ ಬರೇ ಹೊಟ್ಟೀಲೆ ಮಲಗೂದು ನನಗ ಗೊತ್ತಿಲ್ಲೇನ? ನಾನೂ ಹಂಗ ಮಲಗಿದಾಕೀನ."

ಗೊತ್ತಿದ್ದೂ ಸುಮ್ಮನಿದ್ದರಲ್ಲ ಎಂದು ಒಂದು ಗಳಿಗೆ ಸಿಟ್ಟು ಬಂತು. ಆದರೆ ಸೂರ್ಯ ಜಗಳಕ್ಕೆ ಕಾಯುವ ಹಾಗಿರಲಿಲ್ಲ. ಕೂತೆ. ನಾನು ತುತ್ತು ಬಾಯಿಗಿಟ್ಟ ಮೇಲೆಯೇ ಅವರು ರೊಟ್ಟಿ ಮುರಿದರು. ಗಂಡನೂ ಕೈ ಹಾಕಿದರು. ಮೂವರೂ ಗಬಗಬ ತಿಂದು, ಸೋಸಿದ ನೀರು ಕುಡಿದು ಮುಗಿಸುವುದಕ್ಕೂ ಬಿಸಿಲು ಆರುವುದಕ್ಕೂ ಸರಿಹೋಯಿತು. ಆಗ ಮಾವ ಸೊಂಟ ಹಿಡಿದುಕೊಂಡು ಮೇಲೆ ಬಂದರು.

"ನನಗ?"

"ನಿಮಗ ಆಗಳೇ ಮುಳಗೈತೆಲ್ರಿ!" ಎಂದರು ಅತ್ತೆ. ನಕ್ಕು ನಕ್ಕು ನನ್ನ ಹೊಟ್ಟೆ ಹಿಡಿದುಕೊಂಡಿತು. ಕೊನೆಗೆ ಮಾವನೂ ನಕ್ಕರು.

ಮರುದಿನ ಸಂಜೆ ನಾನು ಎಂದಿನಂತೆ ಗಂಡಸರ ತಾಟು ಜೋಡಿಸುತ್ತಿದ್ದೆ. ಅತ್ತೆ ಅದರಲ್ಲೊಂದನ್ನು ಎಳೆದುಕೊಂಡು, ಬಿಸಿ ರೊಟ್ಟಿ ಹಾಕಿ, ನನ್ನ ಭುಜ ಅದುಮಿ ಕೂರಿಸಿದರು. ಮಾವ ಕೈ ತೊಳೆದುಕೊಂಡು ಬಂದವರು ಬಾಗಿಲಲ್ಲೇ ನಿಂತು ಕಾಯ್ದರು. ಹೊರಗೆ ಅಂಗಳದಲ್ಲಿ ಬಿಸಿಲು ಬೇಕಾದಷ್ಟಿತ್ತು.