ಪಾರ್ಕಿಗೆ ಬಂದ ಅವರೆಕಾಳು

ಪಾರ್ಕಿನ ಗೇಟಿನಲ್ಲೇ ನಮ್ಮನ್ನು ತಡೆದು ನಿಲ್ಲಿಸಿದರು. ಕಾರಣ, ನಮ್ಮ ಅತ್ತೆಯ ಬ್ಯಾಗಿನಿಂದ ಬರುತ್ತಿದ್ದ ವಾಸನೆ.

(ಗಾಬರಿಯಾಗಬೇಡಿ. ಅವರೆಕಾಳಿನ ಸೊಗಡು. ಈ ಚಳಿಗಾಲದಲ್ಲಿ ನಮ್ಮ ಹುಣಸೂರಿನ ಬಸ್ಸಿನ ಸೀಟಿಗೂ ಅದೇ ವಾಸನೆ.)

"ಏನಮ್ಮ ಅದು, ಅಡುಗೆ ಸಾಮಾನಾ? ಒಳಗೆ ಅಡುಗೆ ಮಾಡೋ ಅಂಗಿಲ್ಲ" ಎಂದರು ವಾಚ್‌ಮನ್.

"ಒಲೆ ಎಲ್ಲದೆ ಕಣಪ್ಪ? ಬರೀ ಕಾಳು" ಎನ್ನುತ್ತ ಅತ್ತೆ ಡಬ್ಬಿಯ ಮುಚ್ಚಳವನ್ನೇ ತೆಗೆದು ತೋರಿಸಿದರು. ರಾತ್ರಿಯೆಲ್ಲ ನೀರಿನಲ್ಲಿ ನೆನೆದು ಉಬ್ಬಿದ ಅವರೆಕಾಳು. ಡಬ್ಬಿ ತುಂಬ! ವಾಚ್‌ಮನ್ ನಕ್ಕು ಒಳಗೆ ಬಿಟ್ಟರು. ನನಗೆ ಮಾತ್ರ ಮೈಯೆಲ್ಲ ಉರಿದುಹೋಯಿತು.

ಯಾಕೆಂದು ಕೇಳಿ. ನಾನು ವಾರವಿಡೀ ಮನೆಯಲ್ಲಿ ಚಳವಳಿ ನಡೆಸಿ ಗಿಟ್ಟಿಸಿಕೊಂಡ ಭಾನುವಾರ ಅದು. ನನ್ನ ಬೇಡಿಕೆ ಒಂದೇ: ಬೆಳಗಿನಿಂದ ರಾತ್ರಿಯವರೆಗೆ ನನ್ನ ಎರಡೂ ಕೈ ಖಾಲಿ ಇರಬೇಕು. ತಿಂಡಿ ಹೋಟೆಲಿನಲ್ಲಿ, ಮಧ್ಯಾಹ್ನಕ್ಕೆ ಪಾರ್ಸೆಲ್ ಪುಳಿಯೋಗರೆ, ಆಮೇಲೆ ಪಾರ್ಕಿನ ನೆರಳಿನಲ್ಲಿ ಸುಮ್ಮನೆ ಕೂರುವುದು. ಇದರಲ್ಲಿ ಅತಿಯಾಸೆ ಏನಿದೆ ಹೇಳಿ?

ನಮ್ಮ ಕಡೆ ಫ್ಯಾಮಿಲಿ ಪಿಕ್‌ನಿಕ್ ಹೇಗಿರುತ್ತದೆಂದು ನಿಮಗೆ ಗೊತ್ತಲ್ಲ. ಬೀಚನಹಳ್ಳಿಯ ಡ್ಯಾಮ್ ನೋಡಲು ಹೋದರೂ ಹೆಂಗಸರ ಜೊತೆ ಅಡುಗೆಮನೆಯೂ ಹೊರಡುತ್ತದೆ. ಗಂಡಸರು ನೀರು ನೋಡಿ "ಆಹಾ" ಅನ್ನುತ್ತಾರೆ. ನಾವು ಅವರ ತಟ್ಟೆ ನೋಡಿ "ಇನ್ನೊಂಚೂರು ಹಾಕಲಾ" ಅನ್ನುತ್ತೇವೆ. ಮನೆಗೆ ಬಂದ ಮೇಲೆ ಅವರಿಗೆ ಫೋಟೋ, ನಮಗೆ ಪಾತ್ರೆ.

ಅದಕ್ಕೇ ಈ ಸಲ ಹಟ ಹಿಡಿದಿದ್ದೆ. ನಮ್ಮ ಯಜಮಾನರು, ಅಂದರೆ ಮಂಜು, ಒಪ್ಪಿದ್ದರು. ಮಗಳು ಅನು ಕುಣಿದಿದ್ದಳು. ಅತ್ತೆ ಮಾತ್ರ ಶನಿವಾರ ರಾತ್ರಿ ಎಂದಿನಂತೆ ಕಾಳು ನೆನೆಹಾಕಿ ಮಲಗಿದ್ದರು.

"ಅಲ್ಲತ್ತೆ, ಇವತ್ತೊಂದಿನ ಬೇಡ ಅಂದಿದ್ದೆನಲ್ಲ?" ಎಂದೆ, ಪಾರ್ಕಿನ ಮರದ ನೆರಳಿನಲ್ಲಿ ಕೂರುತ್ತ.

"ನೆನೆಸಿದ ಕಾಳು ಸಂಜೆ ಗಂಟ ಬುಟ್ರೆ ಅಳಸೋಯ್ತವೆ ಕಣವ್ವ. ನೀ ಆರಾಮಾಗಿ ಕೂತ್ಕೊ. ನಾ ಇತುಕ್ತೀನಿ."

ಅತ್ತೆ ಹಂಪಾಪುರದ ಬೇಸಾಯದ ಮನೆಯವರು. ಟಿವಿ ನೋಡುವಾಗಲೂ ಅವರ ಮಡಿಲಲ್ಲಿ ಬಿಡಿಸಲು ಸೊಪ್ಪಿರಬೇಕು, ಆರಿಸಲು ಅಕ್ಕಿಯಿರಬೇಕು. ಬರಿಗೈಯಲ್ಲಿ ಕೂತದ್ದನ್ನು ನಾನಂತೂ ನೋಡಿಲ್ಲ. ಅಂಥವರು ಎದುರಿಗೆ ಕೂತು ಒಬ್ಬರೇ ಕಾಳು ಹಿತುಕಿ ಸಿಪ್ಪೆ ಬಿಡಿಸುತ್ತಿದ್ದರೆ ಸೊಸೆಯಾದವಳು ಆರಾಮಾಗಿ ಕೂರುವುದು ಹೇಗೆ? ಅಕ್ಕಪಕ್ಕದ ಬೆಂಚಿನ ಕಣ್ಣುಗಳೆಲ್ಲ ನನ್ನ ಮೇಲೇ ಇದ್ದಂತಿತ್ತು. ಹಲ್ಲು ಕಚ್ಚಿಕೊಂಡು ಡಬ್ಬಿಗೆ ಕೈ ಹಾಕಿದೆ. ಹೋಯಿತು ನನ್ನ ಭಾನುವಾರ!

ಆಗ ಯಜಮಾನರ ಕಡೆ ಕಣ್ಣು ಹೋಯಿತು. ಮರಕ್ಕೆ ಒರಗಿ, ಕಾಲು ಚಾಚಿ, ಮೊಬೈಲಿನಲ್ಲಿ ಕ್ರಿಕೆಟ್. ನಾನು ಕೇಳಿದ ಭಾನುವಾರ ಪೂರ್ತಿಯಾಗಿ ಅವರ ಪಾಲಾಗಿತ್ತು.

ಎದ್ದೆ. ಮೊಬೈಲ್ ತೆಗೆದು ನನ್ನ ಬ್ಯಾಗಿಗೆ ಹಾಕಿದೆ. ಡಬ್ಬಿಯನ್ನು ಅವರ ತೊಡೆಯ ಮೇಲಿಟ್ಟೆ.

"ಏನೇ ಇದು?"

"ಫ್ಯಾಮಿಲಿ ಡೇ ರೀ" ಎಂದೆ.

ಅತ್ತೆ ಬಾಯಿ ತೆರೆಯುವ ಮೊದಲೇ ಅವರ ಕೈ ಹಿಡಿದು ಎಬ್ಬಿಸಿದೆ. ಉಯ್ಯಾಲೆಯ ಕಡೆ ನಡೆಸಿಕೊಂಡು ಹೊರಟೆ. ಅವರು ದಾರಿಯುದ್ದಕ್ಕೂ ಹಿಂದಿರುಗಿ ಹಿಂದಿರುಗಿ ನೋಡುತ್ತಿದ್ದರು. ಮಗನನ್ನಲ್ಲ, ಕಾಳನ್ನು.

ಅವರ ಅನುಮಾನ ಸುಳ್ಳಾಗಲಿಲ್ಲ. ಮಂಜು ಒತ್ತಿದ ಮೊದಲ ಕಾಳು ಸಿಪ್ಪೆಯಿಂದ ಹಾರಿ, ಪಕ್ಕದ ಬೆಂಚಿನಲ್ಲಿ ಕೂತಿದ್ದ ಹಿರಿಯರ ಕನ್ನಡಕಕ್ಕೆ ಬಡಿಯಿತು. ಜಗಳವೇ ಆಗುತ್ತದೆ ಅಂದುಕೊಂಡೆ. ಅವರು ಕನ್ನಡಕ ಒರೆಸಿಕೊಂಡು, ಎದ್ದು ಬಂದು, ಮಂಜುವಿನ ಪಕ್ಕದಲ್ಲೇ ಚಕ್ಕಳಮಕ್ಕಳ ಹಾಕಿಕೊಂಡು ಕೂತರು.

"ಅಂಗಲ್ಲ ಕಣ್ರೀ. ತುದಿ ಇಡ್ಕಂಡು ಮೆಲ್ಗೆ ಒತ್ತಿ. ಇನ್ನೊಂದು ಕೈ ಅಡ್ಡ ಇಡಿ. ನಮ್ಮವ್ವ ನಮಗೆಲ್ಲ ಇತುಕೋ ಕೆಲ್ಸ ಕೊಟ್ಟು ಕೂರಿಸ್ತಿದ್ಲು."

ಅವರು ಕಂಪಲಾಪುರದವರು. ಇಲ್ಲಿ ಮಗಳ ಮನೆಗೆ ಬಂದಿದ್ದರಂತೆ. ಸ್ವಲ್ಪ ಹೊತ್ತಿಗೆ ಅವರ ಅಳಿಯನೂ ಬಂದು ಕೂತರು. ವಾಕಿಂಗ್ ಮಾಡುತ್ತಿದ್ದ ಮೇಷ್ಟ್ರೊಬ್ಬರು "ಒಂದ್ನಿಮಿಷ" ಎಂದು ಕೂತವರು ಏಳಲೇ ಇಲ್ಲ. ನಮ್ಮೂರಿನ ಗಂಡಸರಿಗೆ ಇದೆಲ್ಲ ಬರುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ! (ಗೊತ್ತಾಗಬಾರದೆಂದೇ ಇಷ್ಟು ದಿನ ಬಚ್ಚಿಟ್ಟಿದ್ದರೇನೋ.) ಯಾರ ಗುಡ್ಡೆ ದೊಡ್ಡದು ಎಂದು ಪೈಪೋಟಿ ಬೇರೆ ಶುರುವಾಯಿತು. ಕ್ರಿಕೆಟ್ ಸ್ಕೋರ್ ಯಾರಿಗೂ ನೆನಪಿರಲಿಲ್ಲ.

ಇತ್ತ ಕಂಪಲಾಪುರದವರ ಮಗಳು ನನ್ನ ಪಕ್ಕದ ಉಯ್ಯಾಲೆ ಹಿಡಿದಳು. ಮಕ್ಕಳು ಜಾರುಬಂಡೆಯಲ್ಲಿದ್ದರು. ಅತ್ತೆ ಮಾತ್ರ ಕಂಬ ಹಿಡಿದು ನಿಂತೇ ಇದ್ದರು. ಏನು ಮಾಡಬೇಕೆಂದು ತೋಚದ ಕೈಗಳು ಸೆರಗಿನ ಅಂಚನ್ನು ಸುತ್ತಿ ಸುತ್ತಿ ಬಿಡುತ್ತಿದ್ದವು. ಅದನ್ನು ನೋಡಿ ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಕೈ ಖಾಲಿ ಇಟ್ಟುಕೊಳ್ಳುವುದನ್ನು ಈ ಹೆಂಗಸಿಗೆ ಯಾರೂ, ಯಾವತ್ತೂ ಕಲಿಸಿರಲಿಲ್ಲ.

ನನ್ನ ಉಯ್ಯಾಲೆಯಿಂದ ಎದ್ದು ನಿಂತೆ. "ಕೂತ್ಕೊಳಿ ಅತ್ತೆ. ಎರಡೂ ಕೈಯಲ್ಲಿ ಸರಪಳಿ ಹಿಡ್ಕೊಳಿ. ಇಲ್ಲಿ ಅದೇ ಕೆಲಸ."

ಕೆಲಸ ಎಂದ ಮೇಲೆ ಕೂತರು. ಮೆಲ್ಲಗೆ ತಳ್ಳಿದೆ. "ಅಯ್ಯೋ ಬ್ಯಾಡ ಕಣೇ" ಎಂದರು. ಇನ್ನೊಮ್ಮೆ ತಳ್ಳಿದೆ. ಸರಪಳಿಯನ್ನು ಬಿಗಿಯಾಗಿ ಹಿಡಿದರು. ಮೂರನೆಯ ಸಲ ತಾವೇ ಕಾಲು ಮೀಟಿದರು!

ಅಷ್ಟರಲ್ಲಿ ವಾಚ್‌ಮನ್ ಬಂದರು. "ಅಜ್ಜಿ, ಇದು ಮಕ್ಕಳಿಗೆ ಮಾತ್ರ. ಬೋರ್ಡ್ ನೋಡ್ಲಿಲ್ವಾ?"

ಅತ್ತೆ ಉಯ್ಯಾಲೆ ನಿಲ್ಲಿಸಲಿಲ್ಲ. "ನಾನೂ ನಮ್ಮವ್ವನ ಮಗೀನೇ ಕಣಪ್ಪ. ಒಂದ್ಗಳಿಗೆ ಬುಡು" ಎಂದರು, ಹಿಂದಕ್ಕೆ ಹೋಗುತ್ತ ಅರ್ಧ, ಮುಂದಕ್ಕೆ ಬರುತ್ತ ಇನ್ನರ್ಧ.

ಆ ಮನುಷ್ಯನಿಗೆ ನಗು ತಡೆಯಲಾಗಲಿಲ್ಲ. "ಗಟ್ಟಿಯಾಗಿ ಇಡ್ಕಳಿ ಮತ್ತೆ" ಎಂದು ಹೊರಟುಹೋದರು. ಹೋಗುವಾಗ ಗಂಡಸರ ಗುಂಪಿನ ಕಡೆ ತಿರುಗಿ, "ಸಿಪ್ಪೆ ಎಲ್ಲ ನೀವೇ ಎತ್ತಬೇಕು ಸ್ವಾಮಿ!" ಎಂದು ಜೋರು ಮಾಡಿದರು. ಎತ್ತಿದರು ಕಣ್ರೀ! ಒಂದೊಂದು ಸಿಪ್ಪೆಯನ್ನೂ ಹುಡುಕಿ ಹುಡುಕಿ ಎತ್ತಿದರು.

ಮನೆಗೆ ಬಂದೆವು. ಹಿತುಕಿದ ಬೇಳೆಯ ಡಬ್ಬಿಯನ್ನು ಯಜಮಾನರು ಬಹುಮಾನದ ಕಪ್ಪಿನಂತೆ ಎತ್ತಿ ಹಿಡಿದು ತಂದಿದ್ದರು. "ಇಷ್ಟು ಚೆನ್ನಾಗಿ ಹಿತುಕಿದ್ದೀನಿ, ಬಿಸಿ ಬಿಸಿ ಸಾರು ಮಾಡಿಬಿಡು" ಎಂದು ನನಗೆ ಕೊಡಲು ಬಂದರು.

ನಾನು ಕೈ ಚಾಚಲಿಲ್ಲ. ರಾತ್ರಿ ಇನ್ನೂ ಆಗಿರಲಿಲ್ಲವಲ್ಲ, ನನ್ನ ಭಾನುವಾರ ಬಾಕಿಯಿತ್ತು. ಅಡುಗೆಮನೆಯ ಬಾಗಿಲಿನಲ್ಲಿ ಕುರ್ಚಿ ಹಾಕಿ ಅತ್ತೆಯನ್ನು ಕೂರಿಸಿದೆ. ಅವರು ಕೂತಲ್ಲಿಂದಲೇ ಹೇಳಿದರು, ಮಗ ಮಸಾಲೆ ರುಬ್ಬಿದರು. ಉಪ್ಪು ಸ್ವಲ್ಪ ಜಾಸ್ತಿಯಾಗಿತ್ತು. ನಾನು ಎರಡು ಸಲ ಹಾಕಿಸಿಕೊಂಡು ಉಂಡೆ. ಬೇರೆಯವರು ಬಡಿಸಿದ ಸಾರಿನ ರುಚಿ ಮರೆತೇಹೋಗಿತ್ತು.

ಮಲಗುವ ಮುಂಚೆ ಅತ್ತೆ ನನ್ನ ಹತ್ತಿರ ಬಂದು, ಮಗನಿಗೆ ಕೇಳದಂತೆ ದನಿ ತಗ್ಗಿಸಿದರು.

"ಬರೋ ವಾರ ಇನ್ನೊಂದು ಸೇರು ಜಾಸ್ತಿ ನೆನೆಯಾಕ್ತೀನಿ ಕಣವ್ವ. ಅವ್ರು ಇತುಕಿ ಮುಗಿಸೋ ಗಂಟ ನಾವು ಉಯ್ಯಾಲೆ ಆಡ್ಬೋದು."

ನಿಮ್ಮ ಮನೆಯಲ್ಲಿ ಕಾಳು ನೆನೆಹಾಕಿದಿರಾ?