ಅತ್ತೆ ನೋಡಿದ ಆಟಗಳು

ಅತ್ತೆಯ ಬಲಗೈ ಹೆಬ್ಬೆರಳು ಮೇಲಿನ ಗೆಣ್ಣಿನಲ್ಲಿ ಒಳಕ್ಕೆ ಬಾಗಿತ್ತು. ಹೊಸದಾಗಿ ಮದುವೆಯಾದಾಗ ಮೇವು ಕತ್ತರಿಸುವ ಮಿಷನ್ನಿಗೆ ಸಿಕ್ಕಿ, ಹಲಗೂರಿನ ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿಸಿಕೊಂಡು ಬಂದ ಬೆರಳು ಅದು. ಹಾಲಿನ ಕ್ಯಾನಿನ ಮುಚ್ಚಳ ಎತ್ತುವುದಕ್ಕೆ, ಮುದ್ದೆ ಕಟ್ಟುವುದಕ್ಕೆ ಅದರಿಂದ ಏನೂ ತೊಂದರೆಯಿರಲಿಲ್ಲ. ಮೊಬೈಲಿನಲ್ಲಿ ಆಟ ಆಡುವಾಗ ಮಾತ್ರ ಅದು ಕೈಕೊಡುತ್ತಿತ್ತು. ಆ ಬೆರಳು ಎಗರಿಸುವ ಗುಂಡಿಯನ್ನು ಒತ್ತುವಷ್ಟರಲ್ಲಿ ಪರದೆಯ ಮೇಲೆ ಓಡುತ್ತಿದ್ದ ಹುಡುಗ ಹಳ್ಳಕ್ಕೆ ಬಿದ್ದಿರುತ್ತಿದ್ದ.

"ಬಿದ್ಕಂಡ ನೋಡು ಮುಂಡೇದು," ಎಂದು ಅತ್ತೆ ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದಳು.

ಅತ್ತೆ ಎಂದರೆ ನಮ್ಮಪ್ಪನ ಅಕ್ಕ. ಮಾವ ತೀರಿಕೊಂಡ ಮೇಲೆ ಮಳವಳ್ಳಿ ತಾಲ್ಲೂಕಿನ ನಮ್ಮೂರಿಗೆ ವಾಪಸ್ ಬಂದು, ನಮ್ಮ ಮನೆಗೆ ಅಂಟಿಕೊಂಡಿದ್ದ ಎರಡು ಕೋಣೆಗಳಲ್ಲಿ ಇದ್ದಳು. ಊರಿನ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವ ಕೆಲಸ. ಬೆಳಿಗ್ಗೆ, ಸಂಜೆ ಎರಡೂ ಹೊತ್ತು ಒಬ್ಬೊಬ್ಬರ ಹಾಲನ್ನೂ ಮೂಸಿ, ನೀರು ಬೆರೆತಿದೆಯೇ ಎಂದು ಲ್ಯಾಕ್ಟೋಮೀಟರ್ ಇಳಿಬಿಟ್ಟು ನೋಡಿ, ಆಮೇಲೆ ಕ್ಯಾನಿಗೆ ಸುರಿಸಿಕೊಳ್ಳುತ್ತಿದ್ದಳು. ಸರಿಯಿದ್ದರೆ ಅಳತೆಯವನಿಗೆ "ಇಳಿಸ್ಕೊ" ಎನ್ನುವಳು, ಇಲ್ಲದಿದ್ದರೆ ತಂದವರಿಗೆ "ವಾಪಸ್". ಮೂರನೆಯ ಮಾತಿಲ್ಲ. ಒಂದು ದಿನ ನಮ್ಮಮ್ಮ ಕಳಿಸಿದ ಹಾಲನ್ನೇ ವಾಪಸ್ ಕಳಿಸಿದಳು. ಅಮ್ಮ ಮುಖ ಕೆಂಪಗೆ ಮಾಡಿಕೊಂಡು ಹೋಗಿ ಕೇಳಿದರೆ, "ನಿನ್ ಮೇಲೆ ನಂಗ್ಯಾಕೆ ಅನುಮಾನ ಕಣವ್ವ? ಆಲಿನ್ ಮೇಲೆ ಅನುಮಾನ. ಸಂಜೆದೂ ಬೆಳಿಗ್ಗೆದೂ ಬೆರ್ಸಿದ್ದೀಯ," ಎಂದಳು. ಅಮ್ಮ ಬೆರೆಸಿದ್ದು ನಿಜ. ಎರಡು ದಿನ ಅವರಿಬ್ಬರೂ ನನ್ನ ಮೂಲಕವೇ ಮಾತಾಡಿಕೊಂಡರು.

ಅಪ್ಪ ಬಸ್ ಕಂಡಕ್ಟರ್. ಅಮ್ಮ ಹಾಲು ಕರೆದಿಟ್ಟು, ಮದ್ದೂರಿನ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವ ಬಸ್ಸು ಹತ್ತುತ್ತಿದ್ದಳು. ಹಗಲಿಡೀ ನಾನೂ ತಮ್ಮನೂ ಅತ್ತೆಯ ಕೈಯಲ್ಲಿ. ಕೊರೋನಾ ಕಾಲದಲ್ಲಿ ಪಾಠಕ್ಕೆಂದು ಅಪ್ಪ ತನ್ನ ಹಳೆಯ ಫೋನನ್ನು ತಮ್ಮನಿಗೆ ಕೊಟ್ಟಾಗ ಅವನಿಗೆ ಒಂಬತ್ತು ವರ್ಷ. ಶಾಲೆ ತೆರೆದ ಮೇಲೂ ಫೋನ್ ಅವನ ಹತ್ತಿರವೇ ಉಳಿಯಿತು. ಅದರಲ್ಲಿ ಹುಟ್ಟಿದ ದಿನ ಕೇಳಿದಲ್ಲಿ ಅಪ್ಪ ತನ್ನದನ್ನೇ ಹಾಕಿಕೊಟ್ಟಿದ್ದ. ಅದು ಜೂನ್ ಒಂದು. ಅಪ್ಪನ ಓರಿಗೆಯವರೆಲ್ಲ ನಮ್ಮೂರಲ್ಲಿ ಜೂನ್ ಒಂದಕ್ಕೇ ಹುಟ್ಟಿದವರು. ಶಾಲೆಗೆ ಸೇರಿಸುವ ದಿನ ಮೇಷ್ಟ್ರು ಕೇಳಿದಾಗ ಯಾರ ಮನೆಯವರಿಗೂ ತಾರೀಖು ನೆನಪಿರಲಿಲ್ಲವಂತೆ. ಹಾಗಾಗಿ ಫೋನಿನ ಲೆಕ್ಕದಲ್ಲಿ ನನ್ನ ತಮ್ಮ ನಲವತ್ತು ದಾಟಿದ ಗಂಡಸು.

ಆ ಲೆಕ್ಕವನ್ನು ಅತ್ತೆ ಒಪ್ಪಲಿಲ್ಲ. ತಮ್ಮ ಹೊಸ ಆಟ ಬೇಕೆಂದರೆ ಮೊದಲು ನನ್ನನ್ನು ಕೂಗಿ, "ಎಷ್ಟಂತೆ?" ಎಂದು ಕೇಳುತ್ತಿದ್ದಳು. ಆಟದ ಹೆಸರಿನ ಕೆಳಗೆ ಮೂರರ ಮೇಲೆ, ಏಳರ ಮೇಲೆ, ಹನ್ನೆರಡರ ಮೇಲೆ ಎಂದು ವಯಸ್ಸು ಹಾಕಿರುತ್ತಾರಲ್ಲ, ಅದನ್ನು ನಾನು ಓದಬೇಕು. ತಮ್ಮನ ವಯಸ್ಸಿಗಿಂತ ಹೆಚ್ಚಿದ್ದರೆ ಅಲ್ಲೇ ವಾಪಸ್. ಕಡಿಮೆಯಿದ್ದರೂ ಆಟ ಅವನ ಕೈಗೆ ನೇರವಾಗಿ ಬರುತ್ತಿರಲಿಲ್ಲ.

"ಏಳು ಅಂತ ಹಾಕವ್ರಲ್ಲ ಅತ್ತೆ, ನಂಗೆ ಒಂಬತ್ತು," ಎಂದು ತಮ್ಮ ವಾದಿಸಿದರೆ ಅವಳ ಉತ್ತರ ಒಂದೇ. "ನಂಬರ್ ಹಾಕ್ದೋರು ನಿನ್ನ ನೋಡವ್ರೇನ್ಲಾ? ನಾನು ನೋಡಿವ್ನಿ. ರಾತ್ರೆ ನಾಯಿ ಊಳಿಟ್ರೆ ನನ್ ಪಕ್ಕ ಬಂದು ಮನೀಕೊಳೋನು ನೀನು."

ಬೆಳಗಿನ ಡೈರಿ ಮುಗಿಸಿ, ಜಗಲಿಯ ಮೇಲೆ ಕಾಲು ನೀಡಿ ಕೂತು, ಕನ್ನಡಕ ಹಾಕಿಕೊಂಡು ಅತ್ತೆ ಆಟ ಆಡುತ್ತಿದ್ದಳು. ಆಟ ಇಳಿದ ಕೂಡಲೇ ನೆಟ್ ಆಫ್ ಮಾಡುವುದು ಅವಳ ರೂಢಿ. ನೆಟ್ ಇದ್ದರೆ ಜಾಹೀರಾತುಗಳು ಬರುತ್ತವೆ, "ಮಧ್ಯಮಧ್ಯ ಸೋಪು ಮಾರೋಕೆ ಬತ್ತವೆ" ಎಂದು ಅವಳಿಗೆ ಸಿಟ್ಟು. ಎರಡು ಮೂರು ದಿನ ಆಡಿದ ಮೇಲೆ ತೀರ್ಪು. ನಾನು ಆಗಲೇ ದಿನಚರಿ ಬರೆಯುತ್ತಿದ್ದೆ. ಕೊನೆಯ ಹಾಳೆಗಳಲ್ಲಿ ಗೆರೆ ಎಳೆದು, ಇಳಿಸಿಕೊಂಡ ಆಟಗಳು ಒಂದು ಕಡೆ, ವಾಪಸ್ ಹೋದವು ಇನ್ನೊಂದು ಕಡೆ ಬರೆಯುತ್ತಿದ್ದೆ. ವಾಪಸ್ ಕಡೆಯೇ ಉದ್ದ. ಒಂದು ಆಟ ವಾಪಸ್ ಹೋಗಲು ಕಾರಣ, ಅದರಲ್ಲಿ ನಾಯಿಯನ್ನು ಒದ್ದರೆ ಅಂಕ ಬರುತ್ತಿದ್ದುದು.

ಊರಿನಲ್ಲಿ ನಗುವವರು ನಕ್ಕರು. ಡೈರಿಯ ಸಾಲಿನಲ್ಲಿ ನಿಂತಿದ್ದ ಹೆಂಗಸೊಬ್ಬಳು, "ಏನಕ್ಕ, ಈ ವಯಸ್ಸಲ್ಲಿ ಗೇಮು ಆಡ್ತೀಯಂತೆ?" ಎಂದಳು.

"ಊಂ ಕಣವ್ವ. ನಿನ್ ಮಗ ಏನಾಡ್ತಾನೆ?"

"ಅದೇನೋ ಬಂದೂಕಿಂದು."

"ಯಾರ್ಗೆ ಒಡೀತಾನೆ?"

"ನಂಗೇನ್ ಗೊತ್ತಕ್ಕ?"

"ಸರಿ, ಆಲು ಬುಡು ಇತ್ತ," ಎಂದು ಅತ್ತೆ ಲ್ಯಾಕ್ಟೋಮೀಟರ್ ಎತ್ತಿಕೊಂಡಳು.

ತಮ್ಮನಿಗೆ ಹತ್ತು ತುಂಬಿದ ವರ್ಷ ಒಂದು ಆಟ ಬಂತು. ಬಣ್ಣದ ಇಟ್ಟಿಗೆ ಜೋಡಿಸಿ ಮನೆ ಕಟ್ಟುವುದು, ಗಿಡ ನೆಡುವುದು. ಮೂರು ವರ್ಷದ ಮೇಲಿನವರೆಲ್ಲ ಆಡಬಹುದು ಎಂದಿತ್ತು. ಅತ್ತೆ ಎಂದಿನಂತೆ ಕೂತು ಆಡಿ, ಅದರಲ್ಲಿ ಒಂದು ಕೊಟ್ಟಿಗೆ ಕಟ್ಟಿದಳು. ಬಾಗಿಲು ಇಡುವುದು ಗೊತ್ತಾಗದೆ ಹಸು ಒಳಗೇ ಉಳಿಯಿತು. "ಚೆನ್ನಾಗದೆ. ಇಳಿಸ್ಕೊ," ಎಂದಳು. ನಾನು ಬರೆದುಕೊಂಡೆ.

ಒಂದೆರಡು ತಿಂಗಳು ಅವನು ಖುಷಿಯಾಗಿ ಆಡಿದ. ಆಮೇಲೆ ನಿಧಾನವಾಗಿ ಬದಲಾದ. ಶಾಲೆಯ ಬಸ್ಸು ಹಿಡಿಯಲು ಒಬ್ಬನೇ ಹೋಗಲಾರೆ ಎಂದ. ಹಗಲಲ್ಲೇ ಬಾಗಿಲಿಗೆ ಅಗುಳಿ ಹಾಕುತ್ತಿದ್ದ. ಬೀದಿಯಲ್ಲಿ ಬೈಕ್ ನಿಂತ ಸದ್ದಾದರೆ ಊಟದ ತಟ್ಟೆ ಬಿಟ್ಟು ಒಳಗೆ ಹೋಗುತ್ತಿದ್ದ. "ಫೋನ್ ಜಾಸ್ತಿಯಾಗದೆ, ಕಿತ್ತಿಕ್ಕಿ," ಎಂದ ಅಪ್ಪ. ಕಿತ್ತುಕೊಳ್ಳಲು ಅಮ್ಮ ಹೋದರೆ ಅವನು ಫೋನನ್ನು ಎದೆಗೆ ಅವಚಿಕೊಂಡು ಕಿರುಚಿದ. ಆಟದ ಹುಚ್ಚು ಎಂದುಕೊಂಡೆವು.

ಅತ್ತೆ ಹಾಗೆ ಅಂದುಕೊಳ್ಳಲಿಲ್ಲ. ಮಾರನೆಯ ದಿನ ಡೈರಿಯಿಂದ ಬಂದವಳು ಜಗಲಿಯಲ್ಲಿ ಅವನ ಪಕ್ಕ ಕೂತಳು. ನಾನು ಹೊಸ್ತಿಲ ಒಳಗೆ ಅವರೆಕಾಯಿ ಸುಲಿಯುತ್ತಿದ್ದೆ.

"ಫೋನ್ ಕೊಡು ಅನ್ನಾಕಿಲ್ಲ ಕಣ್ಲಾ. ನೀನೇ ಆಡು. ನಾನು ಸುಮ್ನೆ ನೋಡ್ತೀನಿ."

ಅವನು ಎದೆಗೆ ಅವಚಿದ್ದ ಫೋನನ್ನು ತೊಡೆಯ ಮೇಲಿಟ್ಟುಕೊಂಡು ಆಟ ತೆರೆದ. ಸ್ವಲ್ಪ ಹೊತ್ತಿಗೆ ಪರದೆಯ ಮೂಲೆಯಲ್ಲಿ ಅಕ್ಷರದ ಸಾಲುಗಳು ಒಂದರ ಹಿಂದೊಂದು ಏರತೊಡಗಿದವು.

"ಇದ್ಯಾವುದ್ಲಾ? ನಾನಾಡ್ವಾಗ ಇರ್ನಿಲ್ವಲ್ಲ."

"ಬೇರೆಯೋರು ಮಾತಾಡೋದು ಅತ್ತೆ. ನೆಟ್ ಆನ್ ಇದ್ರೆ ಬತ್ತದೆ."

ಅತ್ತೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. ಮತ್ತೆ ಹಾಕಿಕೊಳ್ಳಲಿಲ್ಲ.

"ಅಂಗಾದ್ರೆ ನಾನು ಅರ್ಧ ನೋಡ್ಬುಟ್ಟು ಇಳಿಸ್ಕೊ ಅಂದಿವ್ನಿ," ಎಂದಳು. "ತಪ್ಪು ನಂದು ಕಣ್ ಮಗ. ನಿಂದೇನಿಲ್ಲ."

ಅಲ್ಲಿಯವರೆಗೆ ಅತ್ತೆ ತನ್ನ ಪರೀಕ್ಷೆ ತಪ್ಪಾಯಿತೆಂದು ಯಾರ ಎದುರೂ ಹೇಳಿದ್ದನ್ನು ನಾನು ಕೇಳಿರಲಿಲ್ಲ. ತಮ್ಮ ಅವಳ ಮಡಿಲಿಗೆ ಮುಖ ಹಾಕಿ ಅತ್ತ. ಆಮೇಲೆ ಎಲ್ಲವನ್ನೂ ಹೇಳಿದ. ಆಟದಲ್ಲಿ ಒಬ್ಬ ಗೆಳೆಯನಾಗಿದ್ದನಂತೆ. ತನಗೂ ಹತ್ತೇ ವರ್ಷ ಎಂದಿದ್ದನಂತೆ. ಊರು ಕೇಳಿದ, ಶಾಲೆ ಕೇಳಿದ, ಮನೆಯ ಮುಂದೆ ನಿಂತ ಫೋಟೋ ಕೇಳಿದ. ಇವನು ಕಳಿಸಿದ. ಅಲ್ಲಿಂದ ಆ ಗೆಳೆಯನ ಮಾತು ಬದಲಾಯಿತು. ಹೇಳಿದ ಹಾಗೆ ಕೇಳದಿದ್ದರೆ ಆ ಮನೆಗೇ ಬರುತ್ತೇನೆ, ಯಾರಿಗಾದರೂ ಹೇಳಿದರೆ ನಿಮ್ಮಪ್ಪನನ್ನು ಬಿಡುವುದಿಲ್ಲ ಎಂದು ದಿನವೂ ಬರೆಯುತ್ತಿದ್ದ. ಮನೆಯವರು ಅದನ್ನು ಓದಿಬಿಡುತ್ತಾರೆ ಎಂಬ ಭಯಕ್ಕೆ ತಮ್ಮ ಫೋನ್ ಬಿಡುತ್ತಿರಲಿಲ್ಲ.

ಸಂಜೆ ಅಪ್ಪನಿಗೆ ವಿಷಯ ತಿಳಿದಾಗ ಮೊದಲು ಎದ್ದದ್ದು ಅವನ ಕೈ. ಅತ್ತೆ ನಡುವೆ ನಿಂತಳು.

"ಒಡೆಯೋದಾದ್ರೆ ನಂಗೊಡಿ. ಇಳಿಸ್ಕೊ ಅಂದೋಳು ನಾನು. ಆಮೇಲೆ ನೀನೂ ಒಂದು ಒಡ್ಕೊ. ಕೂಸಿನ್ ಕೈಗೆ ಜೂನ್ ಒಂದು ಕೊಟ್ಟೋನು ನೀನು."

"ಎಲ್ರೂ ಅಂಗೇ ಆಕ್ಕೊಡ್ತಾರೆ ಕಣಕ್ಕ," ಎಂದ ಅಪ್ಪ. ದನಿ ಇಳಿದಿತ್ತು.

"ಎಲ್ರು ಮನೆ ಆಲೂ ನಾನು ನೋಡಿವ್ನಿ. ಎಲ್ರೂ ನೀರಾಕ್ತಾರೆ ಅಂತ ನೀರು ಆಲಾಗಾಕಿಲ್ಲ."

ಸಂದೇಶಗಳನ್ನು ಅಳಿಸದೆ ಹಾಗೇ ಇಟ್ಟುಕೊಂಡು, ಮಾರನೆಯ ಬೆಳಿಗ್ಗೆ ಅಪ್ಪ ರಜೆ ಹಾಕಿ, ತಮ್ಮನನ್ನೂ ಅತ್ತೆಯನ್ನೂ ಕರೆದುಕೊಂಡು ಪೊಲೀಸ್ ಠಾಣೆಗೆ ಹೋಗಿ ದೂರು ಕೊಟ್ಟು ಬಂದ. ಕೆಲವು ದಿನಗಳಲ್ಲಿ ಬೆದರಿಸಿದವನ ಹೆಸರು ಆಟದಿಂದ ಮಾಯವಾಯಿತು. ಮನೆಗೆ ಯಾರೂ ಬರಲಿಲ್ಲ. ಆದರೂ ಆ ವರ್ಷವೆಲ್ಲ ಅತ್ತೆ ಅವನನ್ನು ಬಸ್ಸಿನವರೆಗೆ ಬಿಟ್ಟು ಬರುತ್ತಿದ್ದಳು.

ಆಟದ ವಿವರವನ್ನು ನಾವೆಲ್ಲ ಮತ್ತೊಮ್ಮೆ ತೆಗೆದು ನೋಡಿದೆವು. ವಯಸ್ಸಿನ ಅಂಕಿಯ ಕೆಳಗೆ, ಆಡುವವರು ಒಬ್ಬರೊಡನೊಬ್ಬರು ಮಾತಾಡಬಹುದು ಎಂದು ಬರೆದಿತ್ತು. "ಕಣ್ಣಿಗೆ ಕಾಣ್ದಂಗೆ ಬರ್ದವ್ರೆ, ಮೋಸಗಾರ್ರು," ಎಂದು ಅಪ್ಪ ಬೈದ. ಅತ್ತೆ, "ಬರ್ದವ್ರಲ್ಲಪ್ಪ. ಓದೋದು ನಮ್ ಕೆಲ್ಸ," ಎಂದಳು. ಅಂದು ರಾತ್ರಿ ಅಪ್ಪನೇ ಕೂತು, ತಮ್ಮನ ನಿಜವಾದ ಹುಟ್ಟಿದ ದಿನ ಹಾಕಿ ಫೋನನ್ನು ಹೊಸದಾಗಿ ಸರಿಪಡಿಸಿದ. ಅತ್ತೆ ತಾನು ಒಪ್ಪಿದ್ದ ಆಟಗಳನ್ನೆಲ್ಲ ನೆಟ್ ಹಾಕಿಕೊಂಡು ಎರಡನೆಯ ಸಲ ಆಡಿದಳು. "ಸೋಪ್ ಮಾರೋರು ಬಂದ್ರೆ ಬರ್ಲಿ ಬುಡು," ಎನ್ನುತ್ತಿದ್ದಳು. ನನ್ನ ದಿನಚರಿಯಲ್ಲಿ ಮೂರು ಹೆಸರುಗಳು ಇಳಿಸಿಕೊಂಡ ಕಡೆಯಿಂದ ವಾಪಸ್ ಕಡೆಗೆ ಹೋದವು.

ಹೋದ ವರ್ಷ ಸಂಜೆಯ ಹಾಲು ಮುಗಿಸಿ ಕ್ಯಾನು ತೊಳೆಯುತ್ತಿದ್ದವಳು ಎದೆ ಹಿಡಿದುಕೊಂಡು ಕೂತಳು. ಮಂಡ್ಯದ ಆಸ್ಪತ್ರೆಗೆ ಸೇರಿಸಿದೆವು. ಮೂರನೆಯ ದಿನ ಹೋಗಿಬಿಟ್ಟಳು.

ತಿಥಿಯ ದಿನ ಮನೆ ತುಂಬ ಜನ. ಚಿಕ್ಕಪ್ಪನ ಮಗನಿಗೆ ಎಂಟು ವರ್ಷ. ಗಲಾಟೆ ಮಾಡದಿರಲಿ ಎಂದು ಯಾರೋ ಅವನ ಕೈಗೆ ಫೋನ್ ಕೊಟ್ಟಿದ್ದರು. ಅವನು ಹೊಸ ಆಟವೊಂದನ್ನು ಇಳಿಸಿಕೊಂಡು ಜಗಲಿಯ ಮೂಲೆಯಲ್ಲಿ ಕೂತಿದ್ದ. ಎಲೆ ಹಾಕುತ್ತಿದ್ದ ನನ್ನ ತಮ್ಮ, ಆಗಲೇ ಮೀಸೆ ಮೂಡುತ್ತಿದ್ದ ಹುಡುಗ, ಎಲೆಯ ಕಟ್ಟನ್ನು ನನ್ನ ಕೈಗೆ ಕೊಟ್ಟು ಅವನ ಹತ್ತಿರ ಹೋದ.

"ತಡೀಲಾ, ಕೊಡಿಲ್ಲಿ. ಇದನ್ನ ನಮ್ಮನೇಲಿ ಇನ್ನೂ ಯಾರೂ ನೋಡಿಲ್ಲ."

ಅತ್ತೆ ಕೂರುತ್ತಿದ್ದ ಕಡೆಯೇ ಕಾಲು ನೀಡಿ ಕೂತ. ಹೆಸರಿನ ಕೆಳಗಿನ ಅಂಕಿ ನೋಡಿದ, ಅದರ ಕೆಳಗಿನ ಸಾಲನ್ನೂ ಓದಿದ. ನೆಟ್ ಆನ್ ಇದೆಯೇ ಎಂದು ನೋಡಿಕೊಂಡು ಆಡಲು ಶುರು ಮಾಡಿದ. ಒಳಗಿನಿಂದ ಊಟಕ್ಕೆ ಕರೆಯುತ್ತಿದ್ದರು. ಹುಡುಗ ಅವನ ತೋಳಿಗೆ ಒರಗಿ ಸ್ವಲ್ಪ ಹೊತ್ತು ಕಾದು ನೋಡಿದ.

"ಎಷ್ಟೊತ್ತು ನೋಡ್ತೀಯಣ್ಣ?"

"ಪೂರ್ತಿ," ಎಂದ ತಮ್ಮ.